ಕ್ಲಾರಾ ದಡ ಬಿಟ್ಟ ಶನಿವಾರ

ಎವರ್‌ಗ್ರೀನ್ ಬಡಾವಣೆಯ ಡಾಕ್ಟರ್ ಶೈಲಜಾ ರಿಟೈರ್ ಆದಮೇಲೆ ಶನಿವಾರದ ಗೈಡ್ ಸೇವೆಗೆ ‘ಕ್ಲಾರಾ’ ಎಂಬ ಹಳೇ ಸ್ಟೀಮರನ್ನು ಆರಿಸಿಕೊಂಡರು. ನೀರೆಂದರೆ ಅವರಿಗೆ ಭಯ. ಕ್ಲಾರಾ ಎಲ್ಲಿಗೂ ಹೋಗುತ್ತಿರಲಿಲ್ಲ.

ಗುಡ್ಡದಾಚೆಯ ಸರೋವರದ ದಂಡೆಗೆ ಕಟ್ಟಿ ಅದನ್ನು ಮ್ಯೂಸಿಯಂ ಮಾಡಿದ್ದರು. ಒಂದು ಕಾಲಕ್ಕೆ ಅದರ ದೊಡ್ಡ ಮರದ ಚಕ್ರ ಹಬೆಯಿಂದ ತಿರುಗುತ್ತ, ದಂಡೆಯ ಊರುಗಳಿಗೆ ಹಾಲು, ಟಪಾಲು, ಶಾಲೆ ಮಕ್ಕಳು, ಮದುವೆ ಜನ, ಹೆಣ ಎಲ್ಲವನ್ನೂ ಮುಟ್ಟಿಸುತ್ತಿತ್ತು. ರಸ್ತೆ ಬಂತು, ಕ್ಲಾರಾ ನಿಂತಿತು.

ಮಾರ್ಚಿನಲ್ಲಿ ಒಂದು ದಿನ ಜೋರು ಗಾಳಿ. ಬಂದವರಿಗೆ ಶೈಲಜಾ ಇದನ್ನೇ ಹೇಳುತ್ತಿದ್ದಾಗ ಮೌಂಟನ್ ವ್ಯೂನಿಂದ ಬಂದಿದ್ದ ಕಾವ್ಯಾ ಎಂಬ ಹುಡುಗಿ ಕೈ ಎತ್ತಿದಳು.

“ಆಂಟಿ, ದಡ ದೂರ ಹೋಗ್ತಾ ಇದೆ.”

ಶೈಲಜಾ ತಿರುಗಿ ನೋಡಿದರು. ಹೌದು, ಹೋಗುತ್ತಿತ್ತು. ಕಟ್ಟಿದ್ದ ಹಗ್ಗ ಗೂಟದ ಸಮೇತ ನೀರಲ್ಲಿ ಹಿಂದೆ ಬರುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ಪಾರ್ಕಿಂಗ್‌ನಲ್ಲಿ ಕಾಯುತ್ತಿದ್ದ ಗಂಡ ಶ್ರೀಕಂಠ.

“ಶೈಲೂ, ಎಲ್ಲಿದ್ದೀಯ?”

“ಸ್ಟೀಮರಲ್ಲಿ ರೀ.”

“ಇಲ್ಲಿ ಸ್ಟೀಮರೇ ಇಲ್ಲವಲ್ಲೇ.”

“ಗೊತ್ತು. ನೈನ್ ಒನ್ ಒನ್‌ಗೆ ಫೋನ್ ಮಾಡಿ. ನನಗೆ ಟೂರು ನಡೀತಾ ಇದೆ.”

ಶೈಲಜಾ ಕೂಗಲಿಲ್ಲ. ಆಪರೇಷನ್ ಥಿಯೇಟರಲ್ಲಿ ಡಾಕ್ಟರೇ ಕೂಗಿದರೆ ಎಲ್ಲರೂ ಕೂಗುತ್ತಾರೆ ಎಂಬುದು ಅವರ ಅನುಭವ. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ ನಡುವೆ ಕೂರಿಸಿದರು. ಅಂಚಿಗೆ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಬಿಟ್ಟಲ್ಲಿಂದ ಮುಂದುವರಿಸಿದರು.

“ಆಂಟಿ, ಭಯ ಆಗ್ತಿಲ್ವಾ?” ಕಾವ್ಯಾ ಕೇಳಿದಳು.

“ಆಗ್ತಿದೆಯಮ್ಮಾ. ಪ್ರಶ್ನೆಗಳು ಕೊನೆಯಲ್ಲಿ.”

ಗಾಳಿ ಕ್ಲಾರಾವನ್ನು ಎದುರು ದಡದ ಕೆಸರಿಗೆ ತಂದು ಸಿಕ್ಕಿಸಿತು. ಆ ಪುಟ್ಟ ಊರಿನವರೆಲ್ಲ ಹೊರಗೆ ಬಂದರು. ಯಾರೋ ಹಲಗೆ ಹಾಕಿದರು. ಎಲ್ಲರೂ ಇಳಿಯುತ್ತಿದ್ದಾಗ ಡೋರಿಸ್ ಎಂಬ ಹಣ್ಣು ಹಣ್ಣು ಮುದುಕಿ ಮೊಮ್ಮಗನ ಕೈ ಹಿಡಿದು ಹತ್ತಿದಳು. ಯಾರನ್ನೂ ಕೇಳದೆ ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಕೂತಳು.

“ಶಾಲೆಗೆ ಹೋಗುವಾಗ ಇದೇ ನನ್ನ ಜಾಗ,” ಎಂದಳು. “ದಿನಾ ಇಲ್ಲೇ ವಾಂತಿ ಮಾಡ್ತಿದ್ದೆ.”

ಶೈಲಜಾ ಅವಳ ಪಕ್ಕ ಕೂತರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಡೋರಿಸ್ ಕರ್ಚೀಫು ಕೊಟ್ಟಳು.

ಎಳೆಯಲು ಬಂದ ದೋಣಿಯೂ ಕೆಸರಲ್ಲಿ ಸಿಕ್ಕಿಕೊಂಡಿತು. ಹಾಗಾದರೆ ಇಲ್ಲೇ ಇರಲಿ ಎಂದು ಊರಿನವರು ಹಟ ಹಿಡಿದರು, ಮ್ಯೂಸಿಯಂ ಕಮಿಟಿ ಒಪ್ಪಿತು. ಈಗ ಶನಿವಾರ ಟೂರು ಶುರುಮಾಡುವುದು ಶೈಲಜಾ. ಸ್ವಲ್ಪ ಹೊತ್ತಿಗೆ ಡೋರಿಸ್ “ಹಾಗಲ್ಲ” ಅನ್ನುತ್ತಾಳೆ. ಶೈಲಜಾ ಕೂತು ಕೇಳುತ್ತಾರೆ.