ಲೆವಿ ಚೀಲದ ಮಾತ್ರೆ

"ದಿನಾ ತಪ್ಪದೆ ತಗೊಳ್ತಿದೀರಾ ಅಮ್ಮಾ?" ಎಂದು ಡಾಕ್ಟರು ಕೇಳಿದ್ದು ಉಮಾಮಹೇಶ್ವರಿಯನ್ನು. ಉತ್ತರ ಕೊಟ್ಟವನು ಪಕ್ಕದಲ್ಲಿ ಕೂತಿದ್ದ ಗಂಡ ಬಕ್ಕೇಶಪ್ಪ.

"ಅದ್ರಾಗೆ ಎರಡು ಮಾತಿಲ್ಲ ಡಾಕ್ಟ್ರೆ. ನಾಷ್ಟ ಆದ ಮ್ಯಾಲೆ ನಾನೇ ಬಿಚ್ಚಿ ಇಕಿ ಅಂಗೈಗೆ ಹಾಕ್ತೀನಿ."

ಹಾಕುತ್ತಿದ್ದುದು ಖರೆ. ಅಂಗೈಗೆ ಬಿದ್ದ ಮಾತ್ರೆ ಬಾಯಿಗೆ ಹೋಗುತ್ತಿದ್ದುದು ಮಾತ್ರ ದಿನ ಬಿಟ್ಟು ದಿನ. ಉಳಿದ ದಿನ ಆಕೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಮೇಲಿನ ಹಲಗೆಯ ಹಳೇ ಸಾಸಿವೆ ಡಬ್ಬಿಯ ಮುಚ್ಚಳ ತೆಗೆದು ಅದನ್ನು ಒಳಗೆ ಬಿಡುತ್ತಿದ್ದಳು.

ಡಾಕ್ಟರು ಅವಳ ಎರಡೂ ಕೈ ಹಿಡಿದು ಬೆರಳ ಗೆಣ್ಣುಗಳನ್ನು ಒತ್ತಿ ನೋಡಿದರು. ಬಾವು ಇಳಿದಿರಲಿಲ್ಲ. ರಕ್ತದ ರಿಪೋರ್ಟೂ ಅದನ್ನೇ ಹೇಳುತ್ತಿತ್ತು. ಇಷ್ಟು ತಿಂಗಳು ದಿನಾ ತಗೊಂಡೂ ಹೀಗಿದ್ದರೆ ಕೀಲುವಾತಕ್ಕೆ ಈ ಮಾತ್ರೆ ಹತ್ತುತ್ತಿಲ್ಲ ಎಂದೇ ಅರ್ಥ, ಇಂಜೆಕ್ಷನ್ನಿಗೆ ಹೋಗಬೇಕಾಗುತ್ತದೆ ಎಂದರು. ಬಕ್ಕೇಶಪ್ಪ ಅದರ ರೇಟು ಕೇಳಿದ. ಡಾಕ್ಟರು ಹೇಳಿದ್ದನ್ನು ಕೇಳಿ, ಏನೂ ಆಗದವನಂತೆ "ಆಗ್ಲಿ ಬಿಡ್ರಿ" ಎಂದ. ಆದರೆ ಅವನ ಕೈ ತಾನಾಗಿಯೇ ಎಡದವಡೆಗೆ ಹೋಗಿದ್ದನ್ನು ಉಮಾಮಹೇಶ್ವರಿ ನೋಡಿದಳು.

ಆ ದವಡೆಯಲ್ಲಿ ಹಲ್ಲಿರಲಿಲ್ಲ. ಕಟ್ಟಿಸಿಕೊಳ್ಳಿ ಎಂದು ಹಲ್ಲಿನ ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ಉಗಾದಿ ಆಗ್ಲಿ ಅಂದ, ಉಗಾದಿ ಬಂದರೆ ಶ್ರಾವಣ ಅಂದ. ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಕರಕರ ಅಗಿಯುತ್ತಿದ್ದ ಗಂಡಸು ಈಗ ರೊಟ್ಟಿಯನ್ನು ಹಾಲಿಗೆ ಹಾಕಿ, ಮೆತ್ತಗಾಗುವವರೆಗೆ ಕಾದು ಉಣ್ಣುತ್ತಿದ್ದ. ಮನೆಗೆ ಬರುವುದು ಹರಿಹರದಲ್ಲಿ ಹಿಂದೆ ಅವನು ನಡೆಸುತ್ತಿದ್ದ ಅಕ್ಕಿ ಗಿರಣಿಯ ಗೋಡೌನಿನ ಬಾಡಿಗೆಯೊಂದೇ. ಅವಳ ಮಾತ್ರೆಗೂ ಅವನ ಹಲ್ಲಿಗೂ ಒಟ್ಟಿಗೆ ಅದು ಸಾಲುತ್ತಿರಲಿಲ್ಲ. ಯಾಕೆ ಮುಂದಕ್ಕೆ ಹಾಕುತ್ತೀರಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವಳು ಮಾಡಿದ್ದು ಸಾಸಿವೆ ಡಬ್ಬಿಯ ಕೆಲಸ. ಡಬ್ಬಿ ತುಂಬಿದರೆ ಅಷ್ಟು ತಿಂಗಳು ಹೊಸ ಮಾತ್ರೆ ಕೊಳ್ಳುವುದು ತಪ್ಪುತ್ತದೆ, ಆ ದುಡ್ಡು ಅವನ ಹಲ್ಲಿಗಾದೀತು ಎಂಬುದು ಅವಳ ಲೆಕ್ಕ.

ಬಕ್ಕೇಶಪ್ಪ ಇಂಜೆಕ್ಷನ್ ವಿಚಾರಿಸಲು ಕೆಳಗಿನ ಮೆಡಿಕಲ್ಲಿಗೆ ಇಳಿದ. ಉಮಾಮಹೇಶ್ವರಿ ಹೊರಗಿನ ಬೆಂಚಿನ ಮೇಲೆ ಕೂತು, ಈಗ ನಿಜ ಹೇಳುವುದೋ ಬಿಡುವುದೋ ಎಂದು ಸೆರಗಿನ ತುದಿ ಸುತ್ತುತ್ತಿದ್ದಳು. ಹೇಳದಿದ್ದರೆ ಬೇಡದ ಇಂಜೆಕ್ಷನ್ನು. ಅದರ ಖರ್ಚಿಗೆ ಗೋಡೌನನ್ನೂ ಮಾರಬೇಕಾದೀತು. ಹೇಳಿದರೆ ಗಂಡನ ಮುಖ ನೋಡುವುದು ಹೇಗೆ?

"ಗಿರಣಿ ಅಮ್ಮಾರಲ್ವಾ?" ಎಂದು ಪಕ್ಕದಿಂದ ಯಾರೋ ಅಂದರು.

ಹರಿಹರದ ಗಿರಣಿಯ ಕಣದಲ್ಲಿ ಭತ್ತ ಒಣಗಿಸಿ ಚೀಲ ಹೊಲಿಯುತ್ತಿದ್ದ ಉಚ್ಚಂಗಮ್ಮ. ತಂಗಿಯ ಮಗಳ ಬಾಣಂತನಕ್ಕೆ ಬಂದವಳು. ಉಮಾಮಹೇಶ್ವರಿಯ ಕೈ ನೋಡಿದ್ದೇ, ಕೇಳುವ ಮೊದಲೇ ತನ್ನ ಕಥೆ ಬಿಚ್ಚಿದಳು. ತನಗೂ ಇದೇ ರೋಗ, ಹಾಳಾದ್ದು. ಸೀರೆ ಉಡಲಿಕ್ಕೂ ಸೊಸೆ ಬೇಕಾಗಿತ್ತು. ದೊಡ್ಡಾಸ್ಪತ್ರೆಯವರು ಚೀಟಿಯಲ್ಲಿ ಕಂಪನಿ ಹೆಸರು ಬರೆಯದೆ ಬರೇ ಔಷಧಿ ಹೆಸರು ಬರೆದುಕೊಟ್ಟರು, ಹರಿಹರದ ಬಸ್‌ಸ್ಟ್ಯಾಂಡ್ ಹತ್ತಿರ ಸರ್ಕಾರಿ ರೇಟಿನ ಔಷಧಿ ಅಂಗಡಿ ಆಗಿದೆ, ತಾನು ಅಲ್ಲಿಂದಲೇ ತರುವುದು. ಹೀಗೆ ಹೇಳುತ್ತಲೇ ಚೀಲದಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದಳು. ಉಮಾಮಹೇಶ್ವರಿ ತನ್ನದನ್ನೂ ತೆಗೆದಳು. ಎರಡರ ಹಿಂದೆಯೂ ಸಣ್ಣ ಅಕ್ಷರದಲ್ಲಿ ಅದೇ ಔಷಧಿ, ಅಷ್ಟೇ ತೂಕ. ಬೆಲೆ ಮಾತ್ರ ಆನೆ ಆಡಿನಷ್ಟು ಬೇರೆ.

"ನಂದೇನೂ ಪವಾಡ ಅಲ್ಲ ಅಮ್ಮಾರೆ, ದಿನಾ ತಪ್ಪಿಸಂಗಿಲ್ಲ ಅಷ್ಟೇಯ. ಈಗ ಮತ್ತೆ ದಬ್ಬಣ ಹಿಡೀತೀನಿ. ಮಂಡಕ್ಕಿ ಭಟ್ಟಿಯಾಗೆ ಚೀಲ ಹೊಲಿತೀನಿ, ನೋಡ್ರಿ ಬೇಕಾರೆ" ಎಂದು ಉಚ್ಚಂಗಮ್ಮ ಹೆಬ್ಬೆರಳು ತೋರುಬೆರಳು ಜೋಡಿಸಿ ಅವಳ ಮೊಣಕೈ ಮೇಲೆ ಚಿವುಟಿಯೇ ಬಿಟ್ಟಳು. ಚಿವುಟಿದ ಜಾಗ ಮನೆ ಮುಟ್ಟುವವರೆಗೂ ಚುರುಗುಟ್ಟುತ್ತಿತ್ತು.

ನಿಜಲಿಂಗಪ್ಪ ಬಡಾವಣೆಯ ಮನೆಗೆ ಬಂದು ಚಹಾ ಕುಡಿಯುವಾಗ ಉಮಾಮಹೇಶ್ವರಿ ಮಾತು ತೆಗೆದಳು. ಬಕ್ಕೇಶಪ್ಪ ಪೂರ್ತಿ ಕೇಳಲೂ ಇಲ್ಲ.

"ಸರ್ಕಾರದ ರೇಟಿಗೆ ಒಳ್ಳೆ ಮಾಲು ಯಾವನು ಕೊಡ್ತಾನೆ? ನನ್ನ ಹತ್ರ ಹೇಳ್ಬ್ಯಾಡ. ನಾನೇನು ನಿನ್ನೆ ಗಿರಣಿ ಇಟ್ಟೋನಾ?"

ಅವನ ಸಿಟ್ಟಿನ ಬೇರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಆಗೆಲ್ಲ ಗಿರಣಿಯವರು ಮಾಡಿದ ಅಕ್ಕಿಯಲ್ಲಿ ಒಂದು ಪಾಲನ್ನು ಸರ್ಕಾರ ಕಟ್ಟಿದ ಬೆಲೆಗೆ ಸರ್ಕಾರಕ್ಕೇ ಕೊಡಬೇಕಿತ್ತು. ಅದಕ್ಕೆ ಲೆವಿ ಎಂದು ಹೆಸರು. ಬಕ್ಕೇಶಪ್ಪ ಲೆವಿ ಚೀಲಕ್ಕೆಂದೇ ಮೂಲೆಯಲ್ಲಿ ಬೇರೆ ರಾಶಿ ಇಡಿಸುತ್ತಿದ್ದ. ನುಚ್ಚು, ಕೆಂಪುಗಾಳು, ನೆನೆದು ಮುಗ್ಗಿದ್ದು, ಎಲ್ಲ ಅದಕ್ಕೇ. ಅದೇನು ಗುಟ್ಟೂ ಅಲ್ಲ, ನಾಚಿಕೆಯೂ ಅಲ್ಲ. ಪೇಟೆಗೆ ಹೋಗುವ ಅಕ್ಕಿಯನ್ನು ಅಂಗೈ ಮೇಲೆ ಉಜ್ಜಿ, ಊದಿ, ಒಂದು ಕಾಳನ್ನು ಹಲ್ಲಿಗಿಟ್ಟು ಕಡಿದು ನೋಡುತ್ತಿದ್ದ ಮನುಷ್ಯ, ಲೆವಿ ರಾಶಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಂಥವನು ಈಗ ಹೆಂಡತಿಗೆ ಆ ರಾಶಿಯಿಂದ ಮಾತ್ರೆ ತಂದು ತಿನ್ನಿಸಲು ಹೇಗೆ ಒಪ್ಪಿಯಾನು?

"ಎಲ್ಲಾರೂ ನಿಮ್ಮಂಗೇ ಇರ್ತಾರಾ?" ಎಂದಳು ಉಮಾಮಹೇಶ್ವರಿ.

ಬಕ್ಕೇಶಪ್ಪನ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು. ಅವಳು ಎದ್ದು ಹೋಗಿ ಸಾಸಿವೆ ಡಬ್ಬಿ ತಂದು, ಅವನ ಮುಂದಿನ ಪೇಪರಿನ ಮೇಲೆ ಬೋರಲು ಹಾಕಿದಳು. ಮಾತ್ರೆಗಳು ಹರಡಿದವು. ಒಂದೆರಡಕ್ಕೆ ಹಳೇ ಸಾಸಿವೆಯೂ ಅಂಟಿತ್ತು. ಅವನು ಮೊದಲು ಮಾತ್ರೆ ನೋಡಿದ, ಆಮೇಲೆ ಅವಳ ಬೆರಳು ನೋಡಿದ.

"ಯಾಕ?" ಎಂದ.

"ನಿಮ್ಮ ಹಲ್ಲು."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಬೈಯಲಿಲ್ಲ. ಪೇಪರಿನ ನಾಲ್ಕು ಮೂಲೆ ಎತ್ತಿ ಮಾತ್ರೆಗಳನ್ನು ನಡುವಿಗೆ ತಂದು, ಚೆಲ್ಲಿದ ಅಕ್ಕಿ ಕೂಡಿಸುವವನ ಹಾಗೆ ಬೆರಳಿಂದ ಗುಡ್ಡೆ ಮಾಡುತ್ತ ಕೂತ. ಕೊನೆಗೆ, "ಮಾಲು ನೋಡ್ದೆ ನಾನು ಒಪ್ಪಾಕಿಲ್ಲ" ಎಂದ.

"ನೋಡ್ರಿ. ಯಾರು ಬ್ಯಾಡಂದ್ರು?"

ಮರುದಿನ ಡಾಕ್ಟರಿಗೆ ಫೋನು ಮಾಡಿದ್ದು ಉಮಾಮಹೇಶ್ವರಿಯೇ. ಅವರು ಚೆನ್ನಾಗಿ ಬೈದರು. ಬೈದು ಮುಗಿದ ಮೇಲೆ, ಹಾಗಿದ್ದರೆ ಇಂಜೆಕ್ಷನ್ ಸದ್ಯಕ್ಕೆ ಬೇಡ, ಡಬ್ಬಿಯಲ್ಲಿದ್ದದ್ದನ್ನು ತಿನ್ನಬೇಡಿ, ಔಷಧಿ ಅದೇ ಆದರೆ ಯಾವ ಅಂಗಡಿಯದ್ದಾದರೂ ನಡೆಯುತ್ತದೆ, ದಿನಾ ತಗೊಂಡು ರಕ್ತ ತೋರಿಸಿ ಎಂದು, ಔಷಧಿಯ ಹೆಸರನ್ನಷ್ಟೇ ಬರೆದು ಮೊಬೈಲಿಗೆ ಕಳಿಸಿದರು.

ಹರಿಹರದ ಅಂಗಡಿಯಲ್ಲಿ ಕೂತಿದ್ದ ಹುಡುಗಿಯ ಹೆಸರು ಸನೋಬರ್ ಎಂದು ಅವಳ ಬಿಳಿ ಕೋಟಿನ ಮೇಲೆ ಬರೆದಿತ್ತು. ಬಕ್ಕೇಶಪ್ಪ ಮಾತ್ರೆ ಕೇಳುವ ಬದಲು ವ್ಯಾಪಾರಕ್ಕೇ ಕೂತ. ಈ ರೇಟಿಗೆ ಕೊಟ್ಟರೆ ಕಂಪನಿಯವನಿಗೆ ಏನು ಉಳಿಯುತ್ತದೆ ಎಂದು ಶುರು ಮಾಡಿದ. ಹೆಸರಿನ ಕಂಪನಿಯವರು ಜಾಹೀರಾತು ಮಾಡಬೇಕು, ಬ್ಯಾಗು ಹಿಡಿದ ಹುಡುಗರನ್ನು ಡಾಕ್ಟರ ಮನೆ ಬಾಗಿಲಿಗೆ ಕಳಿಸಬೇಕು, ಅದೆಲ್ಲ ಮಾತ್ರೆಯ ಮೇಲೇ ಬೀಳುತ್ತದೆ ಎಂದು ಸನೋಬರ್ ವಿವರಿಸಿದಳು. "ಮದುವಿ ಹುಡುಗಿಗಿಂತ ದಿಬ್ಬಣದ ಖರ್ಚೇ ಜಾಸ್ತಿ ಅಜ್ಜಾರೆ. ಇಲ್ಲಿ ದಿಬ್ಬಣ ಇಲ್ಲ, ಹುಡುಗಿ ಮಾತ್ರ."

"ಮಾಲು ಪಾಸ್ ಮಾಡೋರು ಯಾರು?"

"ಸರ್ಕಾರದ ಲ್ಯಾಬ್‌ನಾಗೆ ನೋಡ್ತಾರೆ."

"ನಮ್ಮ ಲೆವಿ ಅಕ್ಕಿನೂ ಇನ್ಸ್‌ಪೆಕ್ಟ್ರು ಪಾಸ್ ಮಾಡ್ತಿದ್ದ ತಾಯಿ. ಖಾರ ಮಂಡಕ್ಕಿ ಮಿರ್ಚಿ ತರಿಸಿದ್ರೆ ಚೀಲ ಬಿಚ್ಚದಂಗೇ ಪಾಸು."

ಸನೋಬರ್ ನಕ್ಕುಬಿಟ್ಟಳು. "ಎಲ್ಲಾನೂ ಬಂಗಾರ ಅಂತ ನಾನು ಹೇಳಾಕಿಲ್ಲ ಅಜ್ಜಾರೆ. ಹೋದ ವರ್ಷ ಒಂದು ಬ್ಯಾಚು ಸರಿ ಬಂದಿಲ್ಲ ಅಂತ ಮೆಸೇಜು ಬಂತು. ಇದ್ದಷ್ಟನ್ನೂ ನಾನೇ ಕಟ್ಟಿ ವಾಪಸ್ ಕಳಿಸ್ದೆ. ಹಂಗೆ ವಾಪಸ್ ಕರೆಸ್ಕೊಳ್ತಾರೆ."

ಬಕ್ಕೇಶಪ್ಪ ಜೇಬಿಗೆ ಕೈ ಹಾಕಿದ. ಅವನ ಗಿರಣಿಯಿಂದ ಅಷ್ಟು ವರ್ಷ ಹೋದ ಲೆವಿ ಚೀಲಗಳಲ್ಲಿ ಒಂದೂ ವಾಪಸ್ ಬಂದಿರಲಿಲ್ಲವೆಂದು ಉಮಾಮಹೇಶ್ವರಿಗೆ ಗೊತ್ತಿತ್ತು. ಅವನಿಗೂ ಅದೇ ನೆನಪಾಗಿದೆ ಎನ್ನುವುದು ಅವನ ನಿಂತ ರೀತಿಯಲ್ಲೇ ಕಂಡಿತು.

"ಕೊಡು ತಾಯಿ" ಎಂದ.

ಅಂಗಡಿಯ ಮೆಟ್ಟಿಲ ಮೇಲೇ ಹಾಳೆ ಬಿಚ್ಚಿ ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡ. ಬಿಸಿಲಿಗೆ ಹಿಡಿದ. ಹೆಬ್ಬೆರಳಿಂದ ಹೊರಳಿಸಿದ, ಮೂಸಿದ, ಇಲ್ಲದ ತವುಡನ್ನು ಊದಿದ. ಆಮೇಲೆ ಹಳೇ ಚಾಳಿಯಂತೆ ಅದನ್ನೆತ್ತಿ ಬಲದವಡೆಯ ಉಳಿದ ಹಲ್ಲಿಗೆ ಇಡಲು ಹೋದ. ಉಮಾಮಹೇಶ್ವರಿ ಥಟ್ಟನೆ ಅವನ ಮುಂಗೈ ಹಿಡಿದಳು.

"ಅಕ್ಕಿ ಅಲ್ರಿ ಅದು."

ಬಕ್ಕೇಶಪ್ಪ ಕೈ ಇಳಿಸಿ, ಮಾತ್ರೆಯನ್ನು ಅವಳ ಅಂಗೈ ಮೇಲಿಟ್ಟ. ಈ ಸಲ ಅವಳು ನುಂಗುವವರೆಗೂ ಅವಳ ಮೇಲಿನ ಕಣ್ಣು ತೆಗೆಯಲಿಲ್ಲ. ನೀರಿನ ಬಾಟಲಿಯನ್ನೂ ತಾನೇ ಹಿಡಿದುಕೊಂಡಿದ್ದ.

ಮಳೆಗಾಲ ಕಳೆಯಿತು. ರಕ್ತದ ರಿಪೋರ್ಟು ನೋಡಿ ಡಾಕ್ಟರು ಹುಬ್ಬೇರಿಸಿ, ಇಂಜೆಕ್ಷನ್ನಿನ ಮಾತನ್ನೇ ಬಿಟ್ಟರು. ಬೆಳಿಗ್ಗೆ ಹೊತ್ತು ಬೆರಳು ಇನ್ನೂ ಬಿಗಿಯುತ್ತಿತ್ತು, ಬಿಸಿಲೇರಿದ ಹಾಗೆ ಸಡಿಲಾಗುತ್ತಿತ್ತು. ಅಷ್ಟು ಸಾಕು. ಹಲ್ಲಿನ ಡಾಕ್ಟರ ಬಳಿ ಬಕ್ಕೇಶಪ್ಪ ಅಳತೆ ಕೊಟ್ಟು ಬಂದ, ಆಮೇಲೆ ಹಲ್ಲು ಹಾಕಿಸಿಕೊಂಡೂ ಬಂದ. ಹೊಸ ಹಲ್ಲಿನಲ್ಲಿ ಮೊದಮೊದಲು ಅವನ ಮಾತು ಯಾರೋ ಪರವೂರಿನ ನೆಂಟ ಮಾತಾಡಿದಂತಿತ್ತು.

ಒಂದು ಸಂಜೆ ಉಮಾಮಹೇಶ್ವರಿ, ತನ್ನ ಬೆರಳು ಬಾತಾಗಿನಿಂದ ಮನೆಗೆ ಬಂದು ರೊಟ್ಟಿ ಮಾಡಿಕೊಡುತ್ತಿದ್ದವಳಿಗೆ ಬರಬೇಡ ಎಂದು ಹೇಳಿ ಕಳಿಸಿದಳು. ಬಿಸಿನೀರು ಹುಯ್ದು ಹಿಟ್ಟು ನಾದಿ, ಎಷ್ಟೋ ಕಾಲ ಮೂಲೆಗೆ ಒರಗಿಸಿಟ್ಟಿದ್ದ, ರೊಟ್ಟಿ ಬಡಿಯುವ ಕೊಣಮಿಗೆಯನ್ನು ಒರೆಸಿಕೊಂಡು ಕೂತಳು. ಮೊದಲ ರೊಟ್ಟಿ ಅಂಚು ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಇಟ್ಟಳು. ನಡುಮನೆಯಲ್ಲಿ ಟಿವಿ ಜೋರಾಗಿ ಕೂಗುತ್ತಿತ್ತು.

"ಹಾಲಿಗೆ ಹಾಕ್ಲಾ, ಹಂಗೇ ಕೊಡ್ಲಾ?" ಎಂದು ಅಲ್ಲಿಂದಲೇ ಕೇಳಿದಳು.

"ಹಂಗೇ ಕೊಡು. ಖಡಕ್ಕಾಗ್ಲಿ."

ಅವಳು ಹಿಟ್ಟು ಉದುರಿಸಿ ಎರಡನೆಯದನ್ನು ಬಡಿಯತೊಡಗಿದಳು. ಪಟ್, ಪಟ್, ಪಟ್. ರೊಟ್ಟಿ ಅಂಗೈ ಕೆಳಗೆ ಮೆಲ್ಲಗೆ ತಿರುಗುತ್ತ ಅಗಲವಾಯಿತು. ಅಷ್ಟರಲ್ಲಿ ನಡುಮನೆಯ ಟಿವಿ ಸದ್ದು ಇಳಿಯಿತು, ಇನ್ನೂ ಇಳಿಯಿತು, ಪೂರ್ತಿ ನಿಂತಿತು. ಉಮಾಮಹೇಶ್ವರಿ ಕತ್ತೆತ್ತಲಿಲ್ಲ. ಬಡಿಯುವ ಕೈಯನ್ನು ಮಾತ್ರ ಒಂದಿಷ್ಟು ಜೋರು ಮಾಡಿದಳು.