ಇಳಿಜಾರಿಗೆ ತಕ್ಕ ಬ್ರೇಕು

ಕಲ್ಲತ್ತಿಗಿರಿಯಿಂದ ಲಿಂಗದಹಳ್ಳಿಗೆ ಇಳಿಯುವ ರಸ್ತೆಯಲ್ಲಿ ಬ್ರೇಕಿನ ಪೆಡಲ್ ಮೆತ್ತಗಾಗಿ, ತಡೆಯೇ ಇಲ್ಲದ ಹಾಗೆ ತಳ ಮುಟ್ಟಿದ್ದನ್ನು ಶಿರೀನ್ ತಾಜ್ ಯಾರ ಹತ್ತಿರವೂ ಹೇಳಲಿಲ್ಲ.

ತರೀಕೆರೆಯಲ್ಲಿ ಅವಳ ಮನೆಯವರದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಗಂಡ ಮುಜಾಹಿದ್ ಪೆಂಡಾಲ್ ಕಟ್ಟುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಮಾವ ಕರೀಂ ಸಾಬರ ಕಾಲದ ಹಳೇ ಪಿಕಪ್ ಗಾಡಿಯನ್ನು ಅವಳೇ ಓಡಿಸುತ್ತಿದ್ದಳು. ಆವತ್ತು ಹಿಂದೆ ದೊಡ್ಡ ಹಂಡೆಗಳು, ಕಬ್ಬಿಣದ ಒಲೆಗಳು, ಕುರ್ಚಿಗಳು ಹೇರಿದ್ದವು. ಪಕ್ಕದಲ್ಲಿ ಪಾತ್ರೆ ತೊಳೆಯಲು ಬರುವ ಕರಿಬಸಮ್ಮ ಮತ್ತು ಅವಳ ಸೊಸೆ ಏನೋ ಮಾತಾಡಿಕೊಂಡು ನಗುತ್ತಿದ್ದರು. ಶಿರೀನ್ ಗೇರ್ ಇಳಿಸಿದಳು, ಇನ್ನೂ ಇಳಿಸಿದಳು. ಇಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆಯ ಮಣ್ಣಿನ ದರೆಗೆ ಗಾಡಿಯನ್ನು ಉಜ್ಜಿಸಿ ಹೇಗೋ ನಿಲ್ಲಿಸಿದಳು. ಬಲಗಡೆ ಪ್ರಪಾತ. ಇಂಜಿನ್ ಕಾದಿದೆ, ಸ್ವಲ್ಪ ಆರಲಿ ಅಂದಳು. ಅವರು ನಂಬಿದರು. ಅರ್ಧ ಗಂಟೆ ಬಿಟ್ಟು ತುಳಿದರೆ ಪೆಡಲ್ ಏನೂ ಆಗಿಲ್ಲವೆಂಬಂತೆ ಮತ್ತೆ ಗಟ್ಟಿಯಾಗಿತ್ತು. ಅವಳಿಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಆಮೇಲಿನ ದಿನಗಳಲ್ಲಿ ಊಟಕ್ಕೆ ಕೂತಾಗ, ನಮಾಜಿಗೆ ನಿಂತಾಗ, ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಅಷ್ಟರಲ್ಲಿ ಅದೇ ಬೆಟ್ಟದ ಮೇಲಿನ ಎಸ್ಟೇಟಿನ ಪಂಚಾಕ್ಷರಪ್ಪನವರು ಮೊಮ್ಮಗಳ ನಾಮಕರಣಕ್ಕೆ ಪಾತ್ರೆ ಬೇಕೆಂದು ಫೋನ್ ಮಾಡಿದರು. ಮುಜಾಹಿದ್ ಇವಳನ್ನು ಕೇಳುವ ಮೊದಲೇ ಆಗಲಿ ಅಂದುಬಿಟ್ಟಿದ್ದ.

ಮಾರನೇ ದಿನವೇ ಅವಳು ಗಾಡಿಯನ್ನು ಅಜ್ಜಂಪುರ ರಸ್ತೆಯ ಕಲ್ಲೇಶನ ಗ್ಯಾರೇಜಿಗೆ ಒಯ್ದಳು. ಅವನು ಮುಂದಿನ ಚಕ್ರ ಬಿಚ್ಚಿದ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡಿಸ್ಕು ಸವೆದು ಅಂಚು ಕಟ್ಟಿತ್ತು. ಮೈಮೇಲೆ ಅತಿಯಾಗಿ ಕಾದ ನೀಲಿ ಕಲೆ. ಅದನ್ನು ಕಚ್ಚಿ ಹಿಡಿಯುವ ಪ್ಯಾಡು ಬಿಸ್ಕತ್ತಿನಷ್ಟೂ ದಪ್ಪ ಉಳಿದಿರಲಿಲ್ಲ. ಬ್ರೇಕ್ ಆಯಿಲ್ ಡಿಕಾಕ್ಷನ್ ಹಾಗೆ ಕಪ್ಪಗಿತ್ತು. ಕಲ್ಲೇಶ ಅವಳ ಮುಖ ನೋಡಿದ.

"ಅಕ್ಕ, ಇಳಿಜಾರಲ್ಲಿ ಪೆಡಲ್ ಹೋಗಿತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು.

ಮನೆಯಲ್ಲಿ ಅವಳು ಬ್ರೇಕ್ ಸವೆದಿದೆ ಎಂದಷ್ಟೇ ಹೇಳಿದ್ದಳು. ಡಿಸ್ಕನ್ನು ಲೇತಿಗೆ ಕೊಟ್ಟು ಮಟ್ಟ ಮಾಡಿಸು, ಮಾಮೂಲಿ ಪ್ಯಾಡ್ ಹಾಕಿಸು, ಅಪ್ಪ ಹಾಗೇ ಮಾಡುತ್ತಿದ್ದರು ಎಂದು ಮುಜಾಹಿದ್ ಮನೆಯಿಂದಲೇ ಹೇಳಿ ಕಳಿಸಿದ್ದ. ಮೈದುನ ಆಸಿಮ್ ತೂತು ಕೊರೆದ ಹೊಳೆಯುವ ಡಿಸ್ಕುಗಳ ವಿಡಿಯೋ ಮೇಲೆ ವಿಡಿಯೋ ಕಳಿಸಿದ್ದ. ಕಲ್ಲೇಶ ಎರಡೂ ಬೇಡವೆಂದ. ಮಟ್ಟ ಮಾಡಿಸಿದರೆ ಡಿಸ್ಕು ಇನ್ನೂ ತೆಳ್ಳಗಾಗುತ್ತದೆ, ತೆಳ್ಳಗಾದಷ್ಟೂ ಬೇಗ ಕಾಯುತ್ತದೆ. ತೂತಿನದಾದರೆ ನಮ್ಮ ಹೇರಿಗೆ ತೂತಿನ ಹತ್ತಿರವೇ ಸೀಳಬಹುದು. ಪೂರ್ತಿ ದಪ್ಪದ ಸಾದಾ ಡಿಸ್ಕು, ಲೋಡಿನ ಗಾಡಿಗೆಂದೇ ಮಾಡಿದ ಲೋಹ ಬೆರೆತ ಪ್ಯಾಡು ಹಾಕೋಣ. ಬೆಳಗ್ಗೆ ತಣ್ಣಗಿದ್ದಾಗ ಸ್ವಲ್ಪ ತಡವಾಗಿ ಕಚ್ಚುತ್ತದೆ, ಸದ್ದು ಮಾಡುತ್ತದೆ, ಕಾದಾಗ ಮಾತ್ರ ಬೇಗ ಸೋಲುವುದಿಲ್ಲ. ಆದರೆ ಇಷ್ಟು ಹಳೇ ಗಾಡಿಗೆ ಅದನ್ನು ತಾನು ಹಾಕಿ ನೋಡಿಲ್ಲ ಎಂಬುದನ್ನೂ ಅವನು ಮುಚ್ಚಿಡಲಿಲ್ಲ.

ಬಸ್ಸು ಹತ್ತಿ ಇಬ್ಬರೂ ಕಡೂರಿಗೆ ಹೋದರು. ಸ್ಪೇರ್ ಪಾರ್ಟ್ಸ್ ಅಂಗಡಿಯ ದ್ವಾರಕಾನಾಥ ಪ್ಯಾಡಿನ ಎರಡು ಡಬ್ಬಿ ತೆಗೆದಿಟ್ಟ. ನೋಡಲು ಎರಡೂ ಒಂದೇ ತರ. ಶಿರೀನ್ ಹೊಸ ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಭಾರವಿತ್ತು. ಅಷ್ಟು ಭಾರದ್ದೂ ಕೈಕೊಟ್ಟರೆ ಎನ್ನಿಸಿ, ಅದನ್ನು ಕೆಳಗಿಟ್ಟು ಪ್ಯಾಡಿನ ಡಬ್ಬಿ ಎತ್ತಿಕೊಂಡಳು.

"ಇದು ಡೂಪ್ಲಿಕೇಟ್ ಅಲ್ಲ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದಳು.

ಅವನು ಬೇಸರ ಮಾಡಿಕೊಳ್ಳಲಿಲ್ಲ. "ಕಂಪನಿ ಡೀಲರ್ ಹತ್ರ ತಂದಿದ್ದು, ಬಿಲ್ ಕೊಡ್ತೀನಮ್ಮ. ಒಳಗೇನಿದೆ ಅಂತ ನಾನೂ ಒಡೆದು ನೋಡಿಲ್ಲ."

ಆ ಮಾತಿನಿಂದ ಅವಳಿಗೆ ಧೈರ್ಯವೇನೂ ಬರಲಿಲ್ಲ. ಕಲ್ಲೇಶ ಹೇಳಿದ ಡಬ್ಬಿಯನ್ನೇ ತೆಗೆದುಕೊಂಡಳು.

ಹೊಸ ಡಿಸ್ಕು, ಪ್ಯಾಡು, ಹೊಸ ಆಯಿಲ್ ಎಲ್ಲ ಹಾಕಿಯಾದ ಮೇಲೆ ಅಜ್ಜಂಪುರದ ಕಡೆ ಓಡಿಸಿ ನೋಡಲು ಹೊರಟರು. ಮೊದಲ ಸಲ ತುಳಿದಾಗ ಹಳೇ ಬ್ರೇಕಿಗಿಂತಲೂ ಕಡಿಮೆ ಹಿಡಿಯಿತು. ಅವಳು ಕಲ್ಲೇಶನ ಕಡೆ ತಿರುಗಿದಳು. ಡಿಸ್ಕು, ಪ್ಯಾಡು ಒಂದಕ್ಕೊಂದು ಹೊಂದಬೇಕು, ವೇಗ ಹಿಡಿದು ನಿಧಾನ ಮಾಡ್ತಾ ಹೋಗಿ ಅಂದ ಕಲ್ಲೇಶ. ಖಾಲಿ ರಸ್ತೆಯಲ್ಲಿ ಹಾಗೇ ಮಾಡುತ್ತ ಮಾಡುತ್ತ, ಅಜ್ಜಂಪುರ ಹತ್ತಿರವಾಗುವಷ್ಟರಲ್ಲಿ ಗಾಡಿ ತುಳಿದಲ್ಲಿ ನಿಲ್ಲತೊಡಗಿತು. ಬಯಲಿನಲ್ಲಿ ನಿಂತದ್ದು ಬೆಟ್ಟದಲ್ಲೂ ನಿಲ್ಲುತ್ತದಾ ಎಂದು ಅವಳು ಕೇಳಲಿಲ್ಲ.

ನಾಮಕರಣ ಮುಗಿಯಿತು. ಊಟದ ಪಾತ್ರೆಗಳನ್ನೆಲ್ಲ ತುಂಬಿಕೊಂಡು, ಇನ್ನೂ ಬಿಸಿಲಿರುವಾಗಲೇ ಶಿರೀನ್, ಕರಿಬಸಮ್ಮ, ಅವಳ ಸೊಸೆ ಇಳಿಯಲು ಶುರು ಮಾಡಿದರು. ಶಿರೀನ್ ಎರಡನೇ ಗೇರ್ ಬಿಟ್ಟು ಮೇಲೇರಿಸಲಿಲ್ಲ. ಒಂದು ತಿರುವು ದಾಟಿತು. ಇನ್ನೊಂದರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲಿಟ್ಟು, ಕಲ್ಲೇಶನಿಗೆ ಫೋನ್ ಹಚ್ಚಿದಳು. ಹೊಸ ಪ್ಯಾಡು ಮೊದಲ ಸಲ ಚೆನ್ನಾಗಿ ಕಾದರೆ ವಾಸನೆ ಬರುತ್ತೆ, ಪೆಡಲ್ ಗಟ್ಟಿ ಇದೆಯಾ ಎಂದು ಅವನು ಕೇಳಿದ. ಗಟ್ಟಿಯಿತ್ತು. ಹಾಗಾದರೆ ಸ್ವಲ್ಪ ಆರಲು ಬಿಟ್ಟು ನಿಧಾನಕ್ಕೆ ಬನ್ನಿ ಅಂದ.

ಅವಳಿಗೆ ಅವನ ಮಾತು ಅರ್ಥವಾಯಿತು. ಕಾಲಿಗೆ ಮಾತ್ರ ನಂಬಿಕೆ ಬರಲಿಲ್ಲ. ಕರಿಬಸಮ್ಮನಿಗೆ, ಸೊಸೆಯನ್ನು ಕರೆದುಕೊಂಡು ಇಳಿದು, ಕೆಳಗಿನ ಸೇತುವೆಯವರೆಗೆ ನಡೆದು ಬಾ ಅಂದಳು.

"ಯಾಕ್ ಶಿರೀನಮ್ಮ?"

"ಹೋದ ಸಲ ಇಲ್ಲೇ ಬ್ರೇಕ್ ಹೋಗಿತ್ತು. ನಿಮಗೆ ಹೇಳ್ಲಿಲ್ಲ."

ಕರಿಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಯ ಕೈ ಹಿಡಿದು ಇಳಿದಳು.

ಶಿರೀನ್ ಕಲ್ಲು ತೆಗೆದು ಒಬ್ಬಳೇ ಹೊರಟಳು. ಹಂಡೆಗಳು ಹಿಂದಿನಿಂದ ತಳ್ಳುತ್ತಿರುವ ಹಾಗೆ ಭಾಸವಾಯಿತು. ದರೆಯಲ್ಲಿ ಗಾಡಿ ಉಜ್ಜಿದ ಗುರುತು ಬಂತು. ಅಲ್ಲಿ ತುಳಿದಳು. ಪ್ಯಾಡು ಕಿರ್ರೆಂದಿತು, ಗಾಡಿ ತಡೆದು ನಿಧಾನವಾಯಿತು. ಮುಂದಿನ ತಿರುವಿನಲ್ಲೂ ಹಾಗೇ. ಸೇತುವೆಯ ಹತ್ತಿರ ನಿಲ್ಲಿಸಿದಾಗ ಅವಳ ಜಾಕೀಟು ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಕರಿಬಸಮ್ಮ ಬಂದವಳೇ ಬಾಗಿಲಿಗೆ ಕೈಯಿಟ್ಟು ನಿಂತಳು.

"ನನ್ ಸೊಸೆಗೆ ಮನೇಲಿ ಹಾಲು ಕುಡಿಯೋ ಕೂಸೈತೆ. ಆವತ್ತೇ ಹೇಳ್ಬೇಕಾಗಿತ್ತು ನೀನು."

"ಹೌದು," ಅಂದಳು ಶಿರೀನ್.

ಇಬ್ಬರೂ ಹತ್ತಿ ಕೂತರು. ಮನೆಗೆ ಬಂದು ಅವಳು ಮುಜಾಹಿದನಿಗೆ ಎಲ್ಲವನ್ನೂ ಹೇಳಿದಳು. ಅವನು, ಇನ್ನು ಬೆಟ್ಟದ ಬಾಡಿಗೆಯೇ ಬೇಡ ಅಂದ. ಬೇಡ ಅನ್ನಬೇಡಿ, ಒಪ್ಪಿಕೊಳ್ಳುವ ಮೊದಲು ನನ್ನನ್ನು ಕೇಳಿ, ಹೆಂಗಸರು ಬೇಕಾದರೆ ಬಸ್ಸಿನಲ್ಲಿ ಬರಲಿ ಅಂದಳು ಅವಳು.