ಬೋರ್ಡಣ್ಣನ ಎಡಗೈ

"ಬಲಗೈ ಮೇಲೆ ಬರ್ಲಿ, ಬಲಗೈ," ಎನ್ನುತ್ತ ಪಾಸ್ಟರು ಶವಪೆಟ್ಟಿಗೆಯೊಳಗೆ ಬಗ್ಗಿ, ಸತ್ತವನ ಎದೆಯ ಮೇಲಿದ್ದ ಎಡಗೈಯನ್ನು ಬಿಳಿ ಹೊದಿಕೆಯ ಕೆಳಗೆ ತಳ್ಳಿದರು. ಸತ್ತವನ ಹೆಂಡತಿ ಅದನ್ನು ಮತ್ತೆ ಈಚೆಗೆ ತೆಗೆದಳು. ಇದು ಮೂರನೆಯ ಸಲ.

"ಯಾಕಮ್ಮಾ ಈ ಹಟ? ಜನ ಬರ್ತಿರೋದೇ ಆ ಬಲಗೈ ನೋಡೋಕೆ."

"ನನ್ನ ಗಂಡನ್ನ ನೋಡೋಕೆ ಬರ್ತಾರೆ ಅಂದ್ಕೊಂಡಿದ್ದೆ."

ಪಾಸ್ಟರು ನಕ್ಕರು. ಇಪ್ಪತ್ತೆರಡು ವರ್ಷದಿಂದ ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನು ಅವಳ ಗಂಡ, ಬೋರ್ಡಣ್ಣ. ಬೇಕರಿ, ಸೈಕಲ್ ಶಾಪು, ಹಲ್ಲಿನ ಡಾಕ್ಟರು, ಕೊನೆಗೆ ಈ ಪ್ರಾರ್ಥನಾ ಮಂದಿರದ ಬಾಗಿಲ ಮೇಲಿರುವ 'ಅದ್ಭುತಗಳ ಆಲಯ', ಎಲ್ಲ ಅವನದೇ ಬರಹ. ಆದರೆ ಇಲ್ಲಿ ಸೇರಿದವರ ಪಾಲಿಗೆ ಅವನು ಮನುಷ್ಯನೇ ಅಲ್ಲ, ಬರೀ ಒಂದು ಕೈ. ಬತ್ತಿಹೋಗಿ, ದೇವರು ಮುಟ್ಟಿದ ಮೇಲೆ ಜೀವ ಬಂದ ಕೈ. ಹೋದ ವಾರ ಆಸ್ಪತ್ರೆಯ ಮಂಚದ ಮೇಲೆ ಅವನು ಕೇಳಿಕೊಂಡದ್ದು ಒಂದೇ: "ಮಣ್ಣಿಗೆ ಹೋಗೋವಾಗ್ಲಾದ್ರೂ ಆ ಸುಳ್ಳು ನನ್ನ ಜೊತೆ ಬರೋದು ಬೇಡ ಕಣೇ. ನನ್ನಿಂದ ಆಗ್ಲಿಲ್ಲ, ನೀನಾದ್ರೂ ಹೇಳ್ಬಿಡು." ಹೇಳ್ತೀನಿ ಎಂದು ಮಾತು ಕೊಟ್ಟಿದ್ದಳು.

*

ಇಪ್ಪತ್ತೆರಡು ವರ್ಷದ ಹಿಂದೆ, ಏಣಿಯಿಂದ ಬಿದ್ದು ಬಲಗೈ ಜೋತುಬಿದ್ದ ಐದನೆಯ ತಿಂಗಳು, ಅವನನ್ನು ವೇದಿಕೆ ಹತ್ತಿಸಿದರು. ಕೈ ಚಾಚು ಎಂದು ಪಾಸ್ಟರು ಮೈಕಿನಲ್ಲಿ ಕೂಗಿದರು. ಭುಜ ಎತ್ತಿದರೆ ತೋಳು ಅದರ ಜೊತೆ ಏಳುತ್ತಿತ್ತು. ಮೂರು ತಿಂಗಳಿಂದಲೂ ಏಳುತ್ತಿತ್ತು, ಆವತ್ತೂ ಎದ್ದಿತು. ಸಭೆಗೆ ಹುಚ್ಚು ಹಿಡಿಯಿತು. ಮನೆಗೆ ಬಂದವನಿಗೆ ಆ ಕೈಯಲ್ಲಿ ನೀರಿನ ಲೋಟ ಹಿಡಿಯಲಾಗಲಿಲ್ಲ. ಅಂಗಿಯ ಗುಂಡಿಯನ್ನು ಎಂದಿನಂತೆ ಅವಳೇ ಬಿಚ್ಚಿದಳು.

ಮಾರನೆಯ ದಿನ ಇಬ್ಬರೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನಿಂಗೆ ವಿಶ್ವಾಸ ಸಾಲ್ದು," ಎಂದರು ಪಾಸ್ಟರು. "ಅಲ್ಲದೆ ಅದ್ಭುತ ಆಗಿದ್ದು ನಿನಗೋಸ್ಕರ ಅಲ್ಲಪ್ಪ. ಬೈಬಲ್‌ನಲ್ಲಿ ಅದನ್ನ ಸೂಚಕಕಾರ್ಯ ಅಂತಾರೆ. ದೇವರ ಕಡೆಗೆ ದಾರಿ ತೋರಿಸೋ ಬೋರ್ಡು ಇದ್ದ ಹಾಗೆ. ನಾಲ್ಕು ಜನ ನಂಬಿರೋದನ್ನ ಕೆಡಿಸ್ತೀಯಾ?"

ಬೋರ್ಡಣ್ಣ ಎದ್ದು ಬಂದ. ದಾರಿಯಲ್ಲಿ ಮಾತ್ರ ಗೊಣಗಿದ: "ಬೋರ್ಡಿನ ವಿಷಯ ನಂಗೇ ಹೇಳಿಕೊಡ್ತಾನೆ. ಬೋರ್ಡು ನೋಡಿದವನು ಅಂಗಡಿ ಒಳಗೆ ಹೋಗ್ಬೇಕು. ಇವ್ರು ಬೋರ್ಡಿಗೇ ಕೈ ಮುಗಿದ್ಕೊಂಡು ರಸ್ತೇಲೇ ನಿಂತಿದ್ದಾರೆ."

"ಅದನ್ನ ಅಲ್ಲೇ ಹೇಳ್ಬೇಕಿತ್ತು," ಎಂದಳು ಅವಳು.

ಆಮೇಲೆ ಎರಡು ವರ್ಷ ಅಡುಗೆಮನೆಯ ನೆಲದ ಮೇಲೆ ಹಳೆ ಪೇಪರು ಹಾಸಿಕೊಂಡು ಎಡಗೈಯಲ್ಲಿ 'ಅ' ತಿದ್ದಿದ, ಒಂದನೇ ಕ್ಲಾಸಿನ ಮಗುವಿನ ಹಾಗೆ. ಬ್ರಷ್ಷು ಎಸೆದ, ಅತ್ತ, ಮತ್ತೆ ತಾನೇ ಎದ್ದು ಹೋಗಿ ಎತ್ತಿಕೊಂಡ. ಅಕ್ಷರ ಕೂತದ್ದು ಹಾಗೆ. ಅವನು ಏಣಿಯ ಮೇಲೆ ನಿಂತು ಈ ಮಂದಿರದ ಬೋರ್ಡನ್ನು ಎಡಗೈಯಲ್ಲಿ ಬರೆಯುತ್ತಿದ್ದಾಗ ಸಭೆಯವರೆಲ್ಲ ಕೆಳಗೆ ನಿಂತು ಕತ್ತೆತ್ತಿ ನೋಡಿದ್ದರು. ಕಣ್ಣಾರೆ ನೋಡಿಯೂ ಮನೆಗೆ ಹೋಗಿ ಬಲಗೈಯ ಕತೆ ಹೇಳಿದರು. ಅವನೂ ಕರೆದಾಗಲೆಲ್ಲ ವೇದಿಕೆ ಹತ್ತಿ ಭುಜ ಎತ್ತಿ ಇಳಿದು ಬಂದ. ಅದಕ್ಕೆ ಅವಳಿಗೆ ಅವನ ಮೇಲೂ ಕೋಪವಿತ್ತು.

*

"ದೇವರು ಮುಟ್ಟಿದ ಈ ಬಲಗೈಯನ್ನ ಕೊನೇ ಸಲ ಮುಟ್ಟಿ, ಆಶೀರ್ವಾದ ತಗೊಳ್ಳಿ," ಎಂದು ಪಾಸ್ಟರು ಮೈಕಿನಲ್ಲಿ ಕರೆದರು. ನಿಮಿಷದೊಳಗೆ ಪೆಟ್ಟಿಗೆಯ ಬಲಗಡೆ ಸಾಲು ಬೆಳೆಯಿತು. ಮುಂದೆ ಮಂಡಿನೋವಿನ ಟೀಚರಮ್ಮ, ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅವರ ಹಿಂದೆ ಸೊಂಟನೋವು, ಅದರ ಹಿಂದೆ ಅಸ್ತಮಾ. ಬೋರ್ಡಣ್ಣನ ಮುಖ ನೋಡಿದವರು ಒಬ್ಬರೂ ಇಲ್ಲ.

ಅವಳು ಎದ್ದು ನಿಂತಳು. ಮೈಕು ಬೇಕಾಗಲಿಲ್ಲ.

"ಆ ಕೈ ಯಾವತ್ತೂ ವಾಸಿಯಾಗಿರ್ಲಿಲ್ಲ. ಇಪ್ಪತ್ತೆರಡು ವರ್ಷ ಇವರ ಅಂಗಿ ಗುಂಡಿ ಹಾಕಿದ್ದು ನಾನು. ನಿಮ್ಮ ಈ ಬೋರ್ಡು ಬರೆದದ್ದು ಎಡಗೈ. ಅದನ್ನ ಇವರೇ ಅತ್ತು ಅತ್ತು ಕಲಿತಿದ್ದು. ದೇವರೂ ಬಂದು ಕಲಿಸ್ಲಿಲ್ಲ, ಈ ಪಾಸ್ಟರೂ ಕಲಿಸ್ಲಿಲ್ಲ."

ಟೀಚರಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಹೇಳ್ಬಿಟ್ಟೆ ಕಣ್ರೀ, ಎಂದುಕೊಂಡು ಅವಳು ಗಂಡನ ಮುಖ ನೋಡಿದಳು. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು.

ಪಾಸ್ಟರು ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖದಲ್ಲಿ ಅದೇ ನಗು.

"ಕೇಳಿದ್ರಾ ಪ್ರಿಯರೇ? ನಾವು ಪ್ರಾರ್ಥನೆ ಮಾಡಿದ್ದು ಬಲಗೈಗೆ. ದೇವರು ಕೊಟ್ಟಿದ್ದು ಎಡಗೈಗೆ. ಇಷ್ಟು ವರ್ಷ ನಮಗೇ ತಿಳೀಲಿಲ್ಲ. ಇದಕ್ಕಿಂತ ದೊಡ್ಡ ಸೂಚಕಕಾರ್ಯ ಬೇಕಾ?"

ಆಮೆನ್, ಎಂದಿತು ಸಭೆ. ಸಾಲು ಕದಲಿತು. ಬಲಗಡೆ ನಿಂತಿದ್ದ ಅಷ್ಟೂ ಜನ ಹೆಣದ ಕಾಲ ಕಡೆಯಿಂದ ಸುತ್ತಿಕೊಂಡು ಎಡಗಡೆಗೆ ಬಂದರು. ಹೆಜ್ಜೆ ಕಿತ್ತಿಡಲಾರದ ಟೀಚರಮ್ಮನೇ ಎಲ್ಲರಿಗಿಂತ ಮುಂದೆ.

ಥೂ, ಇವರ ಜನ್ಮಕ್ಕಿಷ್ಟು, ಎನಿಸಿತು ಅವಳಿಗೆ. ಗಂಡನ ಎಡಗೈಯನ್ನು ತನ್ನೆರಡು ಅಂಗೈಗಳ ನಡುವೆ ಮುಚ್ಚಿ ಹಿಡಿದುಕೊಂಡಳು.

"ಒಂಚೂರು ಬಿಡಮ್ಮಾ, ಮುಟ್ಕೊಂಡು ಹೋಗ್ತೀನಿ."

"ಬಿಡಲ್ಲ."

ಟೀಚರಮ್ಮ ಸ್ವಲ್ಪ ಹೊತ್ತು ಕಾದರು. ಆಮೇಲೆ ಎರಡು ಬೆರಳುಗಳಿಂದ ಅವಳ ಮುಂಗೈಯನ್ನೇ ಒತ್ತಿ ಮುಟ್ಟಿ, ಕಷ್ಟಪಟ್ಟು ಬಗ್ಗಿ, ಆ ಬೆರಳುಗಳನ್ನು ತಮ್ಮ ಮಂಡಿಗೆ ಸವರಿಕೊಂಡರು. ಅವರ ಹಿಂದಿದ್ದವನು ಆಗಲೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ.